ರೈಲು, ಕೋಣೆ, ಕಾರು, ಮತ್ತೆ ಕೋಣೆ

(ಚಿತ್ರಪ್ರದರ್ಶನದ ನಂತರ ಸಿನಿಮಾಸಕ್ತರ ಪುಟ್ಟ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಿನಿಮಾ ಮುಗಿದ ಮೇಲೆ ಮಾತಾಡಲು ನಿಂತವನ ಪಾಡು, ಊಟ ಮುಗಿದ ಮೇಲೆ ಉಪ್ಪಿನಕಾಯಿ ಬಡಿಸಲು ಬಂದವನ ಪಾಡು. ಆದರೂ ಬಂದಿದ್ದೇನೆ, ಎಲೆ ಮಡಚಬೇಡಿ.

ಹಿಂದಿನ ಸಾಲಿನಲ್ಲಿ ಕೂತು ನಾನು ಇವತ್ತು ಸಿನಿಮಾಗಿಂತ ಹೆಚ್ಚಾಗಿ ನಿಮ್ಮನ್ನೇ ನೋಡುತ್ತಿದ್ದೆ. ಬೀಟಲ್ಸ್ ಅನ್ನುವ ಇಂಗ್ಲೆಂಡಿನ ಹಾಡುಗಾರರ ಬ್ಯಾಂಡಿನ ನಾಲ್ವರು ತಾವಾಗಿಯೇ ನಟಿಸಿದ 'ಎ ಹಾರ್ಡ್ ಡೇಸ್ ನೈಟ್', 1964ರದು, ಅರವತ್ತು ವರ್ಷ ದಾಟಿದ ಕಪ್ಪು ಬಿಳುಪು ಚಿತ್ರ, ಅದೂ ಲಿವರ್‌ಪೂಲಿನ ಗಂಟಲಿನ ಇಂಗ್ಲಿಷು. ನಗುತ್ತಾರೋ ಇಲ್ಲವೋ ಅನ್ನುವ ಅಳುಕಿತ್ತು. ನಕ್ಕಿರಿ. ಒಂದು ಕಡೆ ಮಾತ್ರ ಯಾರೂ ನಗಲಿಲ್ಲ. ಪಾಲ್‌ನ ಅಜ್ಜ ಬಂದಾಗಲೆಲ್ಲ ಯಾರಾದರೊಬ್ಬರು 'ಅಜ್ಜ ತುಂಬಾ ಶುಭ್ರವಾಗಿದ್ದಾನೆ' ಅನ್ನುತ್ತಾರಲ್ಲ, ಅದು ಯಾಕೆ ಅಂತ ನಿಮಗೆ ತಿಳಿಯಲಿಲ್ಲ. ತಿಳಿಯುವುದಕ್ಕೆ ಕಾರಣವೂ ಇಲ್ಲ. ಆ ಅಜ್ಜನ ಪಾತ್ರ ಮಾಡಿದ ವಿಲ್ಫ್ರಿಡ್ ಬ್ರ್ಯಾಂಬೆಲ್ ಆ ಹೊತ್ತಿಗೆ ಬ್ರಿಟನ್ನಿನ ಮನೆಮನೆಯ ಟೀವಿಯಲ್ಲೂ ಒಬ್ಬ ಗುಜರಿ ವ್ಯಾಪಾರಿ. 'ಸ್ಟೆಪ್ಟೋ ಅಂಡ್ ಸನ್' ಅನ್ನುವ ಆ ಧಾರಾವಾಹಿಯಲ್ಲಿ ಮಗ ಅಪ್ಪನನ್ನು ಮಾತೆತ್ತಿದರೆ 'ಥೂ ಕೊಳಕು ಮುದುಕ' ಅಂತ ಬೈಯುತ್ತಿದ್ದ. ಅದೇ ಮುದುಕ ಇಲ್ಲಿ ಕೋಟು ಟೈ ತೊಟ್ಟು ಬಂದಾಗ ಎಲ್ಲರೂ 'ಎಷ್ಟು ಶುಭ್ರ!' ಅನ್ನುತ್ತಾರೆ. ಅವತ್ತಿನ ಲಂಡನ್ನಿನಲ್ಲಿ ಚಿತ್ರಮಂದಿರ ಬಿದ್ದು ಬಿದ್ದು ನಗುವ ಜೋಕು ಅದು. ಈಗ ನಾನು ವಿವರಿಸಿದೆ, ಈಗಲೂ ನೀವು ನಗಲಿಲ್ಲ. ಸರಿ. ಜೋಕಿಗೂ ಹಾಲಿನ ಹಾಗೆ ಒಂದು ಆಯಸ್ಸಿದೆ. ನನಗೆ ಸೋಜಿಗ ಅನ್ನಿಸುವುದು ಈ ಚಿತ್ರದ ಉಳಿದದ್ದು ಯಾಕೆ ಒಡೆದುಹೋಗಲಿಲ್ಲ ಅನ್ನುವುದು.

ಅಂದಹಾಗೆ ಆ 'ಅಜ್ಜ'ನಿಗೆ ಆಗ 52 ವರ್ಷ. ಈ ಸಭೆಯಲ್ಲಿ ಎಷ್ಟು ಜನ ಅಜ್ಜಂದಿರು ಕೂತಿದ್ದೇವೆ ಅಂತ ಲೆಕ್ಕ ಹಾಕಿಕೊಳ್ಳಿ. ಹಾಗಾಗಿ ಈ ನಾಲ್ವರು ಹುಡುಗರನ್ನು, ಅಂದರೆ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಇವರನ್ನು, ನಾನು ಏಕವಚನದಲ್ಲೇ ಕರೆಯುತ್ತೇನೆ. ಚಿತ್ರೀಕರಣದ ಹೊತ್ತಿಗೆ ಅವರಲ್ಲಿ ಹಿರಿಯನಾದ ರಿಂಗೋಗೇ ಇನ್ನೂ 24 ತುಂಬಿರಲಿಲ್ಲ.

ಈ ಚಿತ್ರ ಹುಟ್ಟಿದ ಬಗೆ ಹೇಳುತ್ತೇನೆ. ಕಲೆಯ ತುಡಿತದಿಂದ ಹುಟ್ಟಿದ್ದಲ್ಲ ಇದು, ಗ್ರಾಮಾಫೋನ್ ತಟ್ಟೆಗಾಗಿ ಹುಟ್ಟಿದ್ದು. ಬೀಟಲ್ಸ್ ಹಾಡುಗಳನ್ನು ಮಾರುವ ಹಕ್ಕು ಅಮೆರಿಕದಲ್ಲಿ ಬೇರೆ ಕಂಪನಿಯ ಕೈಯಲ್ಲಿತ್ತು. ಆದರೆ ಆ ಕರಾರಿನಲ್ಲಿ ಒಂದು ಕಿಂಡಿ ಉಳಿದಿತ್ತು: ಸಿನಿಮಾಕ್ಕಾಗಿ ಮಾಡಿದ ಹಾಡುಗಳು ಅದರೊಳಗೆ ಬರುತ್ತಿರಲಿಲ್ಲ. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಆ ಕಿಂಡಿಯಲ್ಲಿ ಕೈ ಹಾಕಿತು. ಅಗ್ಗದಲ್ಲಿ ಒಂದು ಸಿನಿಮಾ ಮಾಡುವುದು, ಅದರ ಹಾಡಿನ ತಟ್ಟೆ ಮಾರಿ ದುಡ್ಡು ಎತ್ತುವುದು, ಸಿನಿಮಾ ಓಡಿದರೆ ಅದು ಲಾಭದ ಮೇಲಿನ ಲಾಭ. ಬಜೆಟ್ ಸುಮಾರು 2 ಲಕ್ಷ ಪೌಂಡು. ಬಣ್ಣ ಬೇಡ, ಕಪ್ಪು ಬಿಳುಪು ಸಾಕು. ಈ ಹುಡುಗರ ಹುಚ್ಚು ಬೇಸಿಗೆ ಕಳೆಯುವಷ್ಟರಲ್ಲಿ ಇಳಿದುಬಿಡಬಹುದು, ಆದ್ದರಿಂದ ಜುಲೈ ಒಳಗೆ ಬಿಡುಗಡೆ ಆಗಲೇಬೇಕು. (ನಮ್ಮಲ್ಲಿ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದೂ ಅದೇ 1964ರಲ್ಲಿ. ನಾವು ಬಣ್ಣಕ್ಕೆ ಕಾಲಿಟ್ಟ ವರ್ಷ ಅವರು ಬಣ್ಣ ದುಬಾರಿ ಅಂತ ಬಿಟ್ಟರು.)

ಒಪ್ಪಂದದ ದಿನದ ಒಂದು ಕಥೆಯನ್ನು ಬೀಟಲ್ಸ್ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಲಾಭದಲ್ಲಿ 25 ಪರ್ಸೆಂಟಿನ ತನಕ ಬಿಟ್ಟುಕೊಡಲು ಕಂಪನಿಯವರು ಮನಸ್ಸು ಗಟ್ಟಿಮಾಡಿಕೊಂಡು ಕೂತಿದ್ದರು. ಬ್ಯಾಂಡಿನ ಮ್ಯಾನೇಜರ್ ಬ್ರಯಾನ್ ಎಪ್ಸ್ಟೀನ್ ಬಂದವರೇ ಬಿಗಿ ಮುಖ ಮಾಡಿ '7.5 ಪರ್ಸೆಂಟಿಗಿಂತ ಕಡಿಮೆಗೆ ನಾನು ಒಪ್ಪುವವನಲ್ಲ' ಅಂದರು. ಸಂತೆಯಲ್ಲಿ ಎಮ್ಮೆ ಮಾರಲು ಹೋದ ಯಾವ ರೈತನೂ ಮಾಡದ ತಪ್ಪು. ಪಾಲು ಆಮೇಲೆ ಏರಿತು ಅನ್ನಿ. ಈ ಮಾತುಕತೆ ನಡೆದದ್ದು 1963ರ ಅಕ್ಟೋಬರಿನಲ್ಲಿ. ಆಗಿನ್ನೂ ಅಮೆರಿಕ ಇವರನ್ನು ಕಂಡಿರಲಿಲ್ಲ. 1964ರ ಫೆಬ್ರವರಿ 9ರ ರಾತ್ರಿ ಎಡ್ ಸಲಿವನ್ ಶೋ ಅನ್ನುವ ಅಲ್ಲಿಯ ಟೀವಿ ಕಾರ್ಯಕ್ರಮದಲ್ಲಿ ಅವರು ಹಾಡಿದಾಗ ನೋಡಿದವರು 7 ಕೋಟಿ 30 ಲಕ್ಷ ಜನ. ಮೂರು ವಾರ ಕಳೆದು, ಮಾರ್ಚ್ 2ರ ಬೆಳಿಗ್ಗೆ, ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಹೊರಟ ರೈಲಿನಲ್ಲಿ ಈ ಚಿತ್ರದ ಮೊದಲ ಶಾಟ್ ತೆಗೆದರು. ನಟರ ಸಂಘದ ಸದಸ್ಯತ್ವ ಇಲ್ಲದೆ ನಟಿಸುವಂತಿಲ್ಲ ಅನ್ನುವುದು ಆಗ ಹೊಳೆದು, ಪ್ಲಾಟ್‌ಫಾರ್ಮಿನಲ್ಲೇ ನಿಂತು ನಾಲ್ವರನ್ನೂ ಸದಸ್ಯರನ್ನಾಗಿ ಮಾಡಿಕೊಂಡರು. ಏಪ್ರಿಲ್ 24ಕ್ಕೆ ಕುಂಬಳಕಾಯಿ ಒಡೆದಾಯಿತು.

ಹೀಗೆ ಅವಸರದಲ್ಲಿ, ಅಗ್ಗದಲ್ಲಿ, ದುಡ್ಡಿಗಾಗಿ ಮಾಡಿದ ಸಿನಿಮಾಗಳು ಸಾವಿರಾರು ಬಂದು ಸಾವಿರಾರು ಹೋಗಿವೆ. ಇದು ಉಳಿದದ್ದಕ್ಕೆ ಇಬ್ಬರು ಕಾರಣ ಅನ್ನುತ್ತೇನೆ ನಾನು. ಒಬ್ಬರು ಬರೆದವರು, ಒಬ್ಬರು ನಿರ್ದೇಶಿಸಿದವರು.

ಬರೆದವರು ಅಲನ್ ಓವನ್. ವೇಲ್ಸ್‌ನಲ್ಲಿ ಹುಟ್ಟಿ ಲಿವರ್‌ಪೂಲಿನಲ್ಲಿ ಬೆಳೆದ ನಾಟಕಕಾರರು. ಲಿವರ್‌ಪೂಲಿನ ಸಾಮಾನ್ಯ ಜನ ಹೇಗೆ ಮಾತಾಡುತ್ತಾರೋ ಹಾಗೇ ಟೀವಿ ನಾಟಕ ಬರೆದು ಹೆಸರು ಮಾಡಿದ್ದರು. 1963ರ ನವೆಂಬರಿನಲ್ಲಿ ಬ್ಯಾಂಡು ಡಬ್ಲಿನ್ನಿಗೆ ಹೋದಾಗ ಜೊತೆಗೆ ಹೋಗಿ ಸುಮ್ಮನೆ ನೋಡುತ್ತ ಇದ್ದರು. ಏನು ಕಂಡಿತು ಅವರಿಗೆ? ಕೀರ್ತಿ ಅಲ್ಲ, ಕೂಡಿಹಾಕಿದ ಪ್ರಾಣಿಗಳು. ಹೋಟೆಲಿನಿಂದ ಕಾರಿಗೆ ಓಡು, ಕಾರಿನಿಂದ ರಂಗಮಂದಿರದ ಹಿಂಬಾಗಿಲಿಗೆ ಓಡು, ಹಾಡು, ಮತ್ತೆ ಓಡು. ಊರು ಅನ್ನುವುದನ್ನು ಅವರು ಕಿಟಕಿಯ ಗಾಜಿನಲ್ಲಿ ಬಿಟ್ಟರೆ ಎಲ್ಲೂ ನೋಡುತ್ತಿರಲಿಲ್ಲ. ಇದೇ ಮಾತನ್ನು ನಿರ್ದೇಶಕ ರಿಚರ್ಡ್ ಲೆಸ್ಟರ್ ಇನ್ನೊಂದು ರೀತಿ ಹೇಳುತ್ತಿದ್ದರು. ಸ್ವೀಡನ್ ಪ್ರವಾಸ ಮುಗಿಸಿ ಬಂದ ಜಾನ್‌ನನ್ನು 'ಹೇಗಿತ್ತಪ್ಪ ಸ್ವೀಡನ್' ಅಂತ ಕೇಳಿದರೆ, ಅವನು ಕೊಟ್ಟ ಉತ್ತರ: ಒಂದು ಕಾರು, ಒಂದು ಕೋಣೆ, ಒಂದು ಸಭಾಂಗಣ, ಒಂದು ಚೀಸ್ ಸ್ಯಾಂಡ್‌ವಿಚ್ಚು. ಚಿತ್ರದಲ್ಲಿ ಆ ಉತ್ತರವನ್ನು ಅಜ್ಜನ ಬಾಯಿಗೆ ಹಾಕಿದ್ದಾರೆ. ಹವಾ ಬದಲಾವಣೆಗೆ ಅಂತ ಕರಕೊಂಡು ಬಂದಿರಿ, ಇಲ್ಲಿಯ ತನಕ ನಾನು ಕಂಡದ್ದು ರೈಲು ಮತ್ತು ಕೋಣೆ, ಕಾರು ಮತ್ತು ಕೋಣೆ, ಕೋಣೆ ಮತ್ತು ಕೋಣೆ ಅಂತ ಗೊಣಗುತ್ತಾನಲ್ಲ, ಅದು. ನನ್ನ ಮಟ್ಟಿಗೆ ಈ ಚಿತ್ರದ ಕೀಲಿಕೈ ಆ ಗೊಣಗಾಟದಲ್ಲಿದೆ. ಹುಡುಗರು ಮಜಾ ಮಾಡುವ ಸಿನಿಮಾ ಅಂತ ಇದನ್ನು ಎಲ್ಲರೂ ನೆನೆಸಿಕೊಳ್ಳುತ್ತಾರೆ. ನೀವೇ ಈಗ ನೆನಪಿಸಿಕೊಳ್ಳಿ, 87 ನಿಮಿಷದಲ್ಲಿ ಅವರ ತಲೆ ಮೇಲೆ ಆಕಾಶ ಎಷ್ಟು ಹೊತ್ತು ಇತ್ತು? ಸೂರು, ಗೋಡೆ, ಬಾಗಿಲು, ಕಾರಿಡಾರು. ಬಯಲಿಗೆ ಬಂದರೂ ಬೆನ್ನಿಗೆ ಓಟ.

ಓವನ್ ಮಾಡಿದ ಇನ್ನೊಂದು ಉಪಕಾರ, ಈ ಹುಡುಗರಿಗೆ ನಟನೆ ಬರುವುದಿಲ್ಲ ಅನ್ನುವುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಂಡದ್ದು. ಯಾರಿಗೂ ಉದ್ದದ ಸಂಭಾಷಣೆ ಇಲ್ಲ. ಒಂದೊಂದು ಸಾಲು. ಒಬ್ಬ ಎಸೆದ, ಇನ್ನೊಬ್ಬ ಹಿಡಿದ, ಅಷ್ಟರಲ್ಲಿ ಶಾಟ್ ಕಟ್. ನಮ್ಮ ಕಟ್ಟೆಯ ಮೇಲೆ ಕೂತ ಪಡ್ಡೆ ಹುಡುಗರ ಮಾತು ಹೀಗೇ ಅಲ್ಲವೆ? ಯಾರೂ ಭಾಷಣ ಮಾಡುವುದಿಲ್ಲ, ಮಾಡಿದರೆ ಉಳಿದವರು ಕಾಲೆಳೆಯುತ್ತಾರೆ. ಪತ್ರಕರ್ತರ ಗೋಷ್ಠಿಯ ದೃಶ್ಯ ನೋಡಿ. 'ಅಮೆರಿಕ ಹೇಗೆ ಕಂಡಿತು' ಅನ್ನುವ ಅರ್ಥದಲ್ಲಿ ಕೇಳಿದರೆ, ಜಾನ್ ಅದನ್ನು ದಾರಿ ಹೇಗೆ ಕಂಡುಹಿಡಿದಿರಿ ಅಂತ ತಿರುಚಿಕೊಂಡು 'ಗ್ರೀನ್‌ಲ್ಯಾಂಡ್ ಹತ್ತಿರ ಎಡಕ್ಕೆ ತಿರುಗಿದೆವು' ಅನ್ನುತ್ತಾನೆ. ನಿನ್ನ ಕೇಶಶೈಲಿಗೆ ಏನಂತ ಕರೆಯುತ್ತೀ ಅಂದರೆ ಜಾರ್ಜ್ 'ಆರ್ಥರ್' ಅನ್ನುತ್ತಾನೆ. ಆ ಗೋಷ್ಠಿಯಲ್ಲಿ ಎಲ್ಲ ತಟ್ಟೆಗಳೂ ಓಡಾಡುತ್ತವೆ, ಆದರೆ ಈ ಹುಡುಗರ ಕೈಗೆ ಒಂದು ತಿಂಡಿಯ ಚೂರೂ ಸಿಗುವುದಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕ್ಯಾಮೆರಾ ಮಾತ್ರ ನೋಡುತ್ತದೆ.

ಇನ್ನು ಲೆಸ್ಟರ್. ಅಮೆರಿಕದ ಫಿಲಡೆಲ್ಫಿಯಾದವರು, ಲಂಡನ್ನಿಗೆ ಬಂದು ನೆಲೆಸಿದವರು. ಪೀಟರ್ ಸೆಲರ್ಸ್, ಸ್ಪೈಕ್ ಮಿಲಿಗನ್ ಅನ್ನುವ ಹಾಸ್ಯಗಾರರ ಜೊತೆ ಸೇರಿ 70 ಪೌಂಡು ಖರ್ಚಿನಲ್ಲಿ ಹನ್ನೊಂದು ನಿಮಿಷದ ಒಂದು ಹುಚ್ಚಾಟದ ಚಿತ್ರ ಮಾಡಿದ್ದರು. ಬಯಲೊಂದರಲ್ಲಿ ಜನ ಬರುತ್ತಾರೆ, ಹೋಗುತ್ತಾರೆ, ಅರ್ಥವಿಲ್ಲದ್ದನ್ನು ಗಂಭೀರವಾಗಿ ಮಾಡುತ್ತಾರೆ, ಅಷ್ಟೆ. ಜಾನ್‌ಗೆ ಅದೆಂದರೆ ಪ್ರಾಣ. ಈ ಸೆಲರ್ಸ್, ಮಿಲಿಗನ್ ಮಂಡಳಿಯ 'ಗೂನ್ ಶೋ' ಅನ್ನುವ ರೇಡಿಯೋ ಕಾರ್ಯಕ್ರಮ ಕೇಳಿಕೊಂಡೇ ಜಾನ್ ಬೆಳೆದವನು. ಬೀಟಲ್ಸ್ ಹಾಡುಗಳನ್ನು ಧ್ವನಿಮುದ್ರಿಸಿದ ಜಾರ್ಜ್ ಮಾರ್ಟಿನ್ ಕೂಡ ಅದಕ್ಕೂ ಮೊದಲು ಸೆಲರ್ಸ್‌ನ ಹಾಸ್ಯದ ತಟ್ಟೆಗಳನ್ನು ಮಾಡುತ್ತಿದ್ದವರು. ಅಂದರೆ ತೆರೆಯ ಮುಂದೆ, ತೆರೆಯ ಹಿಂದೆ, ಧ್ವನಿಮುದ್ರಣದ ಕೋಣೆಯಲ್ಲಿ, ಎಲ್ಲರಿಗೂ ಒಂದೇ ಬಗೆಯ ತಲೆಹರಟೆ ರುಚಿಸುತ್ತಿತ್ತು. ಆ ತಲೆಹರಟೆಯ ತಾಯಿಬೇರಾದ ಮಿಲಿಗನ್ ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, 1918ರಲ್ಲಿ, ಬ್ರಿಟಿಷ್ ಸೇನೆಯಲ್ಲಿದ್ದವರ ಮಗನಾಗಿ. ಹೆಚ್ಚೇನೂ ಅರ್ಥ ಹಚ್ಚಬೇಡಿ, ಸುಮ್ಮನೆ ಹೇಳಿದೆ.

ಆ ಗೂನ್ ಬುದ್ಧಿ ಈ ಚಿತ್ರದಲ್ಲಿ ಮೊದಲು ಹೆಡೆಯೆತ್ತುವುದು ರೈಲಿನ ಜಗಳದಲ್ಲಿ. ಆ ಜಗಳ ನಿಮಗೆಲ್ಲ ಹಿಡಿಸಿತು, ನೋಡಿದೆ. ಫಸ್ಟ್ ಕ್ಲಾಸ್ ಬೋಗಿಯಲ್ಲಿ ಟೋಪಿಯ ಯಜಮಾನರೊಬ್ಬರು ಬಂದು ಕೂರುತ್ತಾರೆ. ಕಿಟಕಿ ಮುಚ್ಚುತ್ತಾರೆ, ರೇಡಿಯೋ ಆರಿಸುತ್ತಾರೆ, ವಾರಕ್ಕೆರಡು ಸಲ ಈ ರೈಲಿನಲ್ಲಿ ಬರುವವನು ನಾನು ಅನ್ನುತ್ತಾರೆ. ಬೆಂಗಳೂರು ಮೈಸೂರು ರೈಲಿನಲ್ಲಿ ಪಾಸಿನವರ ಸೀಟಿನಲ್ಲಿ ಕೂತು ಬೈಸಿಕೊಂಡವರಿಗೆ ಈ ಯಜಮಾನರು ಹೊಸಬರಲ್ಲ. ಕೊನೆಗೆ ಅವರು ಬ್ರಹ್ಮಾಸ್ತ್ರ ತೆಗೆಯುತ್ತಾರೆ: ನಿಮ್ಮಂಥವರಿಗೋಸ್ಕರ ನಾನು ಯುದ್ಧ ಮಾಡಿದೆ! ರಿಂಗೋ ತಣ್ಣಗೆ ಹೇಳುತ್ತಾನೆ, ಗೆದ್ದದ್ದಕ್ಕೆ ಈಗ ಬೇಜಾರಾಗ್ತಿರಬೇಕು ಅಲ್ವಾ.

ಈ ಒಂದು ಸಾಲಿನ ಬಳಿ ಸ್ವಲ್ಪ ನಿಲ್ಲೋಣ. ಈ ನಾಲ್ವರೂ 1940ರಿಂದ 1943ರ ನಡುವೆ ಹುಟ್ಟಿದವರು, ಜರ್ಮನ್ ಬಾಂಬಿನ ಏಟು ತಿಂದ ಯುದ್ಧಕಾಲದ ಲಿವರ್‌ಪೂಲಿನಲ್ಲಿ. ರೇಷನ್ ಚೀಟಿ ಹಿಡಿದು ಕ್ಯೂ ನಿಂತ ಬಾಲ್ಯ, ಬ್ರಿಟನ್ನಿನಲ್ಲಿ ರೇಷನ್ ಪೂರ್ತಿ ನಿಂತದ್ದು 1954ರಲ್ಲಿ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಅಲ್ಲಿ ಹದಿನೆಂಟು ದಾಟಿದ ಹುಡುಗರಿಗೆ ಸೈನ್ಯದಲ್ಲಿ ಕಡ್ಡಾಯ ಸೇವೆ ಇತ್ತು. ಅದನ್ನು ರದ್ದುಮಾಡಿದಾಗ 1939ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದವರನ್ನು ಬಿಟ್ಟರು. ರಿಂಗೋ ಹುಟ್ಟಿದ್ದು 1940ರ ಜುಲೈ 7. ಒಂದು ವರ್ಷ ಮೊದಲು ಹುಟ್ಟಿದ್ದರೆ ಈ ಕೂದಲಿಗೆ ಸೈನ್ಯದ ಹಜಾಮನ ಕತ್ತರಿ ಬೀಳುತ್ತಿತ್ತು. ಯುದ್ಧ ಗೆದ್ದ ತಲೆಮಾರಿಗೆ ಈ ಉದ್ದ ಕೂದಲು ಯಾಕೆ ಅಷ್ಟು ಚುಚ್ಚುತ್ತಿತ್ತು ಅನ್ನುವುದಕ್ಕೆ ಇದೂ ಒಂದು ಕಾರಣ. ಇದನ್ನೆಲ್ಲ ಭಾಷಣ ಮಾಡಿ ಹೇಳಬಹುದಿತ್ತು. ಓವನ್ ಆ ಹೊರೆಯನ್ನೆಲ್ಲ ರಿಂಗೋನ ಆ ಒಂದು ಸಾಲಿನ ಮೇಲೆ ಹೇರಿ ಮುಗಿಸಿದರು.

ಅದರ ಬೆನ್ನಿಗೇ ಬರುತ್ತದೆ ಲೆಸ್ಟರ್ ಅವರ ಕೈಚಳಕ. ಬೋಗಿಯಿಂದ ಎದ್ದುಹೋದ ಹುಡುಗರು ಮರುಕ್ಷಣ ಓಡುವ ರೈಲಿನ ಹೊರಗೆ, ಕಿಟಕಿಯ ಪಕ್ಕದಲ್ಲಿ ಓಡುತ್ತ, 'ಅಂಕಲ್, ನಮ್ ಬಾಲ್ ಕೊಡಿ' ಅಂತ ಕೂಗುತ್ತಾರೆ! ಹೊರಗೆ ಹೇಗೆ ಬಂದರು? ಉತ್ತರವಿಲ್ಲ. ಮತ್ತೆ ಒಳಗೆ ಹೇಗೆ ಹೋದರು? ಅದಕ್ಕೂ ಇಲ್ಲ. ಅಲ್ಲಿಯ ತನಕ ಸಾಕ್ಷ್ಯಚಿತ್ರದ ಹಾಗೆ ಇದ್ದ ಸಿನಿಮಾ ಎರಡು ಸೆಕೆಂಡು ಕನಸಾಗಿ ಮತ್ತೆ ಹಳಿಗೆ ಬರುತ್ತದೆ. ಹಾಗೆ ಬಂದ ಮೇಲೆ ಇನ್ನು ಏನು ಬೇಕಾದರೂ ಆಗಬಹುದು ಅಂತ ನೋಡುವವರಿಗೆ ಗೊತ್ತಾಗಿರುತ್ತದೆ.

ಮುಂದಿನದು ಗಾರ್ಡ್ ಡಬ್ಬಿಯ ಹಾಡು. ಅಜ್ಜನನ್ನು ಲಗೇಜಿನ ಜಾಲರಿಯೊಳಗೆ ಕೂಡಿಹಾಕಿದ್ದಾರೆ, ಹುಡುಗರೂ ಅವನ ಜೊತೆ ಒಳಗೆ ಕೂತು ಇಸ್ಪೀಟು ಆಡುತ್ತಿದ್ದಾರೆ. ಹಾಡು ಶುರುವಾಗುತ್ತದೆ. ಕೈಯಲ್ಲಿ ಇನ್ನೂ ಎಲೆಗಳೇ ಇವೆ. ನಡುವೆ ಎಲ್ಲಿಂದಲೋ ಗಿಟಾರು, ಡ್ರಮ್ಮು ಬಂದುಬಿಡುತ್ತವೆ, ಹಾಡು ಮುಗಿದಾಗ ಮತ್ತೆ ಎಲೆಗಳು. ನೀವು ಯಾರೂ ಹುಬ್ಬೇರಿಸಲಿಲ್ಲ. ಯಾಕೆ ಏರಿಸುತ್ತೀರಿ? ನಾಯಕ ಗದ್ದೆಯ ಬದುವಿನ ಮೇಲೆ ಬಾಯಿ ತೆರೆದರೆ ಎಲ್ಲಿಂದಲೋ ಮೂವತ್ತು ಪಿಟೀಲು ಕೇಳುವ ಸಿನಿಮಾ ನೋಡಿ ಬೆಳೆದವರು ನಾವು. ಆದರೆ ಅಲ್ಲಿಯ ಪಾಪ್ ಚಿತ್ರಗಳಲ್ಲಿ ಹಾಡುಗಾರನೊಬ್ಬ ಹಾಡಬೇಕಾದರೆ ಅದಕ್ಕೊಂದು ನೆಪ ಬೇಕಿತ್ತು: ವೇದಿಕೆ, ಮೈಕು, ಕ್ಲಬ್ಬು, ಟೀವಿ ಸ್ಟುಡಿಯೋ. ಲೆಸ್ಟರ್ ಆ ನೆಪವನ್ನು ನಮ್ಮ ಕಣ್ಣೆದುರೇ ಕಿತ್ತು ಎಸೆದರು. ಗಮನಿಸಿ, ಆ ಹಾಡನ್ನು ತಂತಿಯ ಜಾಲರಿಯ ಆಚೆಯಿಂದ ತೋರಿಸುತ್ತಾರೆ. ಶಾಲಾ ಹುಡುಗಿಯರು ಜಾಲರಿಯಲ್ಲಿ ಬೆರಳು ತೂರಿಸುತ್ತಾರೆ, ಮೃಗಾಲಯದಲ್ಲಿ ನಾವು ತೂರಿಸುವ ಹಾಗೆ.

ಬಯಲಿನ ಹಾಡಿನಲ್ಲಿ ಲೆಸ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು, ಅದು ನಮ್ಮವರೂ ಆಗ ಹೋಗದಿದ್ದ ಕಡೆ. ನಮ್ಮಲ್ಲಿ ಹಾಡಿಗೆ ಕಾರಣ ಬೇಡವಾದರೂ ತುಟಿ ಬೇಕಿತ್ತು. ಹಿನ್ನೆಲೆಯಲ್ಲಿ ಹಾಡು ಬಿಟ್ಟು ಮುಂದೆ ಪಾತ್ರಗಳು ಮೌನವಾಗಿ ಅಲೆಯುವ ಹಾಡೂ ನಮ್ಮಲ್ಲಿ ಇತ್ತು ಅನ್ನಿ, ಆದರೆ ಹಾಡಿದವರೇ ತೆರೆ ಮೇಲೆ ಇದ್ದು, ಹಾಡುವುದು ಬಿಟ್ಟು ಕೋತಿ ಕುಣಿತ ಕುಣಿಯುವುದು? ಸ್ಟುಡಿಯೋದ ಹಿಂಬಾಗಿಲು ತೆರೆದುಕೊಂಡು, ಕಬ್ಬಿಣದ ಮೆಟ್ಟಿಲ ಮೇಲೆ ದಡಬಡ ಇಳಿದು, ಬಯಲಿಗೆ ಬಿದ್ದು ಓಡುತ್ತಾರೆ, ಹಾರುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮೇಲಿನಿಂದ ಹೆಲಿಕಾಪ್ಟರಿನ ನೋಟ. ಯಾರ ತುಟಿಯೂ ಅಲುಗುವುದಿಲ್ಲ. ಈ ದೃಶ್ಯಕ್ಕೆ ಬೇರೊಂದು ಹಾಡು ಬರೆದಿದ್ದರು, ಅದು ಲೆಸ್ಟರ್‌ಗೆ ಹಿಡಿಸದೆ 'ಕಾಂಟ್ ಬೈ ಮಿ ಲವ್' ಬಂತು. ಜಾನ್ ಒಂದು ದಿನ ಚಿತ್ರೀಕರಣದಿಂದ ಎದ್ದು ತನ್ನ ಪುಸ್ತಕಕ್ಕಾಗಿ ಏರ್ಪಾಡಾಗಿದ್ದ ಊಟದ ಸಮಾರಂಭಕ್ಕೆ ಹೋಗಿಬಿಟ್ಟಿದ್ದ. ಹಾಗಾಗಿ ಕೆಲವು ಕಡೆ ನಾಲ್ವರ ಬದಲು ಮೂವರೇ ಕಾಣುತ್ತಾರೆ, ಬೇಕಿದ್ದರೆ ಇನ್ನೊಮ್ಮೆ ನೋಡುವಾಗ ಎಣಿಸಿ. ಆಮೇಲೆ ಯಾರೋ ಒಬ್ಬ ಯಜಮಾನ ಬಂದು, ಇದು ಖಾಸಗಿ ಜಾಗ ಅಂತ ಗೊತ್ತಾ ಅನ್ನುತ್ತಾನೆ. ಜಾರ್ಜ್ ಅನ್ನುತ್ತಾನೆ: ನಿಮ್ಮ ಬಯಲಿಗೆ ನೋವಾಗಿದ್ದರೆ ಕ್ಷಮಿಸಿ. ಅಲ್ಲಿಗೆ ಆಕಾಶ ಮುಗಿಯಿತು. ಒಂದು ಹಾಡಿನಷ್ಟು ಉದ್ದದ ರಜೆ.

ಎರಡು ದಶಕ ಕಳೆದ ಮೇಲೆ ಎಂಟೀವಿ ಚಾನೆಲ್ಲು ಲೆಸ್ಟರ್‌ಗೆ ಮ್ಯೂಸಿಕ್ ವಿಡಿಯೋದ ಪಿತಾಮಹ ಅಂತ ಪ್ರಮಾಣಪತ್ರ ಕಳಿಸಿತಂತೆ. ಹಾಗಿದ್ದರೆ ರಕ್ತಪರೀಕ್ಷೆ ಮಾಡಿಸಿ ಅಂದರಂತೆ ಅವರು.

ರಿಂಗೋನ ಅಲೆದಾಟದ ಭಾಗ ನಿಮಗೆ ಸ್ವಲ್ಪ ಎಳೆದ ಹಾಗೆ ಅನ್ನಿಸಿರಬಹುದು. ನನಗೆ ಮಾತ್ರ ಅದು ಬಲು ಇಷ್ಟ. ಅಜ್ಜ ಕಿವಿಯೂದುತ್ತಾನೆ: ಪುಸ್ತಕ ಹಿಡಿದು ಕೂತಿದ್ದೀಯಲ್ಲ, ಹೊರಗೆ ಹೋಗಿ ಬದುಕಪ್ಪ. ರಿಂಗೋ ಹೋಗುತ್ತಾನೆ. ನದಿ ದಂಡೆಯಲ್ಲಿ ಕಲ್ಲು ಒದೆಯುತ್ತ ನಡೆಯುತ್ತಾನೆ. ಆ ಬೆಳಿಗ್ಗೆ ಅವನು ನೈಟ್‌ಕ್ಲಬ್ಬಿನಿಂದ ನೇರ ಸೆಟ್ಟಿಗೆ ಬಂದಿದ್ದ, ತಲೆ ಎತ್ತಲಾಗದಷ್ಟು ಹ್ಯಾಂಗೋವರ್. ಸಂಭಾಷಣೆ ಹೇಳುವ ಸ್ಥಿತಿಯಲ್ಲೇ ಇರಲಿಲ್ಲ, ಸುಮ್ಮನೆ ನಡೆಸಿ ಚಿತ್ರೀಕರಿಸಿದರು. ವಿಮರ್ಶಕರು ಅದರಲ್ಲಿ ಚಾಪ್ಲಿನ್‌ನನ್ನು ಕಂಡರು. ಅಲ್ಲೊಬ್ಬ ಶಾಲೆ ತಪ್ಪಿಸಿ ಬಂದ ಹುಡುಗ ಸಿಗುತ್ತಾನಲ್ಲ, ತನ್ನ ಮೂವರು ಗೆಳೆಯರ ಬಗ್ಗೆ ಹೇಳುತ್ತಾನೆ. ಅವನನ್ನೂ ಸೇರಿಸಿದರೆ ನಾಲ್ವರು. ರಿಂಗೋ ಕೂಡ ಮೂವರನ್ನು ಬಿಟ್ಟು ತಪ್ಪಿಸಿಕೊಂಡು ಬಂದವನೇ. ಹೆಂಗಸೊಬ್ಬಳು ಕೆಸರು ದಾಟಲಿ ಅಂತ ಕೋಟು ಹಾಸುತ್ತಾನೆ, ಒಂದು ಗುಂಡಿ, ಎರಡು ಗುಂಡಿ, ಕೊನೆಯದರಲ್ಲಿ ಆಕೆ ಮಾಯ! ಬಂದ ಸ್ವಾತಂತ್ರ್ಯದ ಗತಿ ಏನಾಯಿತು? ಪೊಲೀಸ್ ಸ್ಟೇಷನ್ನು. ಅಂದರೆ ಮತ್ತೆ ಕೋಣೆ.

ಪಾಲ್‌ಗೂ ಇಂಥದೊಂದು ಒಂಟಿ ಭಾಗ ಇತ್ತು, ಚಿತ್ರೀಕರಿಸಿ ಕಿತ್ತುಹಾಕಿದರು. ನಾಲ್ವರಲ್ಲಿ ನಟನಾಗುವ ಆಸೆ ಹೆಚ್ಚಿದ್ದವನು ಅವನೇ ಅನ್ನಿಸುತ್ತದೆ ನೋಡಿದರೆ, ಪಾಪ. ಜಾರ್ಜ್‌ಗೆ ಸಿಕ್ಕದ್ದು ಅಂಗಿ ಮಾರುವವರ ಕಚೇರಿಯ ದೃಶ್ಯ. ಹುಡುಗರಿಗೆ ಏನು ಇಷ್ಟ ಅಂತ ಹುಡುಗರಿಗೇ ಹೇಳಿಕೊಡುವ ಆ ಜಾಹೀರಾತಿನ ಮನುಷ್ಯನನ್ನು ಜಾರ್ಜ್ ಒಂದಿಷ್ಟೂ ದನಿ ಏರಿಸದೆ ಸುಟ್ಟುಹಾಕುತ್ತಾನೆ. ಇವತ್ತು ಇನ್‌ಫ್ಲುಯೆನ್ಸರ್‌ಗಳ ಕಾಲದಲ್ಲಿ ಆ ದೃಶ್ಯ ಹೆಚ್ಚು ಹರಿತವಾಗಿದೆ. ಜಾನ್‌ನದು ಕಾರಿಡಾರಿನ ದೃಶ್ಯ: ಒಬ್ಬಾಕೆ ನಿಲ್ಲಿಸಿ 'ನೀನು ಅವನೇ ಅಲ್ವಾ' ಅನ್ನುತ್ತಾಳೆ, ಇವನು 'ಅಲ್ಲ' ಅನ್ನುತ್ತಾನೆ, ಮಾತು ಬೆಳೆಯುತ್ತದೆ, ಕೊನೆಗೆ ಆಕೆ ಕನ್ನಡಕ ಹಾಕಿ ನೋಡಿ 'ಇಲ್ಲ, ನೀನು ಅವನ ಹಾಗೆ ಇಲ್ಲವೇ ಇಲ್ಲ' ಅಂತ ತೀರ್ಪು ಕೊಟ್ಟು ಹೋಗುತ್ತಾಳೆ. 'ಅವನು' ಯಾರು ಅಂತ ಯಾರೂ ಹೇಳುವುದಿಲ್ಲ. ನಕ್ಕು ಮುಗಿದ ಮೇಲೆ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚುವ ದೃಶ್ಯ ಇದು.

ಹೆಸರಿನ ಬಗ್ಗೆ ಎರಡು ಮಾತು. 'ಎ ಹಾರ್ಡ್ ಡೇಸ್ ನೈಟ್' ಅನ್ನುವುದು ವ್ಯಾಕರಣಕ್ಕೆ ಒಗ್ಗದ ಮಾತು. ರಿಂಗೋ ದಣಿದು ಹೇಳಿದ ತಪ್ಪು ಮಾತು ಅದು. ಹಗಲಿಡೀ ದುಡಿದು ಹೊರಗೆ ಬಂದು 'ಕಷ್ಟದ ದಿನ' ಅನ್ನಲು ಹೋದವನಿಗೆ ಕತ್ತಲಾಗಿರುವುದು ಕಂಡು ಕೊನೆಗೆ 'ರಾತ್ರಿ' ಸೇರಿಸಿದ. ಕನ್ನಡಕ್ಕೆ ತರಲು ನಾನು ಬಹಳ ತಿಣುಕಿದ್ದೇನೆ. 'ಮೈಮುರಿದ ಹಗಲಿನ ರಾತ್ರಿ' ಅಂದರೆ ನವ್ಯ ಕವನದ ಸಾಲಿನ ಹಾಗೆ ಕೇಳುತ್ತದೆ, ರಿಂಗೋನ ಪೆದ್ದುತನ ಹೋಗಿಬಿಡುತ್ತದೆ. ಹೆಸರು ಗೊತ್ತಾದ ಮೇಲೆ ಹಾಡು ಬೇಕಲ್ಲ. ಜಾನ್ ರಾತ್ರೋರಾತ್ರಿ ಬರೆದ, 1964ರ ಏಪ್ರಿಲ್ 16ರಂದು ಒಂಬತ್ತು ಟೇಕಿನಲ್ಲಿ ಧ್ವನಿಮುದ್ರಿಸಿದರು. ಆ ಹಾಡಿನ ಮೊದಲ ಝಣ್ ಇದೆಯಲ್ಲ, ಅದೊಂದೇ ಸಾಕು. ಹನ್ನೆರಡು ತಂತಿಯ ಗಿಟಾರು, ಇನ್ನೊಂದು ಗಿಟಾರು, ಬೇಸ್, ಪಿಯಾನೋ ಎಲ್ಲ ಒಟ್ಟಿಗೆ. ಅದರಲ್ಲಿ ಯಾವ ಯಾವ ಸ್ವರಗಳಿವೆ ಅಂತ ಜನ ಅರ್ಧ ಶತಮಾನ ಜಗಳಾಡಿದ್ದಾರೆ, ಕೆನಡಾದ ಗಣಿತದ ಪ್ರಾಧ್ಯಾಪಕರೊಬ್ಬರು ಗಣಿತ ಹಚ್ಚಿ ಬಿಡಿಸಲು ಕೂತಿದ್ದರು. ಆ ಝಣ್ ಕೇಳಿಸುತ್ತಲೇ ತೆರೆಯ ಮೇಲೆ ಮೂವರು ಓಡಿ ಬರುತ್ತಾರೆ, ಜಾರ್ಜ್ ಮುಗ್ಗರಿಸಿ ಬೀಳುತ್ತಾನೆ, ರಿಂಗೋ ಅವನ ಮೇಲೆ ಬೀಳುತ್ತಾನೆ, ಜಾನ್ ಹಿಂದಿರುಗಿ ನೋಡಿ ನಗುತ್ತಾನೆ. ನಿಜವಾಗಿ ಬಿದ್ದದ್ದು ಅದು. ಬೇರೆ ನಿರ್ದೇಶಕರಾಗಿದ್ದರೆ ಮತ್ತೊಮ್ಮೆ ಓಡಿಸುತ್ತಿದ್ದರು.

ದೋಷಗಳಿಲ್ಲವೆ? ಇವೆ. ಹೆಣ್ಣುಮಕ್ಕಳಿಗೆ ಇಲ್ಲಿ ಕಿರುಚುವುದು ಬಿಟ್ಟರೆ ಹೆಚ್ಚಿನ ಕೆಲಸ ಇಲ್ಲ. ಸತ್ಯವನ್ನೇ ತೋರಿಸುವ ಹಾಗೆ ನಟಿಸುವ ಈ ಚಿತ್ರ ದೊಡ್ಡ ಸತ್ಯವನ್ನೇ ಮುಚ್ಚಿಟ್ಟಿದೆ: ಜಾನ್‌ಗೆ ಆಗಲೇ ಮದುವೆಯಾಗಿತ್ತು, ಒಂದು ವರ್ಷದ ಮಗನಿದ್ದ. ಕೊನೆಯ ಕಛೇರಿಯ ಭಾಗದಲ್ಲಿ ನಗು ಪೂರ್ತಿ ನಿಲ್ಲುತ್ತದೆ, ಬರೀ ಮುಖಗಳು. ಲಂಡನ್ನಿನ ಸ್ಕಾಲಾ ಥಿಯೇಟರಿನಲ್ಲಿ ಕೂರಿಸಿದ್ದ ಆ ಮಕ್ಕಳ ಗುಂಪಿನಲ್ಲಿ ಮುಂದೆ ದೊಡ್ಡ ಹಾಡುಗಾರನಾದ ಫಿಲ್ ಕಾಲಿನ್ಸ್ ಕೂಡ ಇದ್ದ, ಹದಿಮೂರರ ಹುಡುಗ. ಅಳುವ ಆ ಹುಡುಗಿಯರ ಮುಖ ನೋಡುವಾಗ ನನಗೆ ಊರ ಜಾತ್ರೆಯಲ್ಲಿ ಮೈದುಂಬಿ ಬಂದವರ ಮುಖ ನೆನಪಾಗುತ್ತದೆ. ನಿಮಗೆ ಆಗದಿರಬಹುದು.

ಜುಲೈ 6ರಂದು ಲಂಡನ್ನಿನಲ್ಲಿ, ರಾಜಕುಮಾರಿ ಮಾರ್ಗರೆಟ್ ಎದುರಿಗೆ, ಚಿತ್ರದ ಮೊದಲ ಪ್ರದರ್ಶನ. ನಾಲ್ಕು ದಿನ ಬಿಟ್ಟು ಲಿವರ್‌ಪೂಲಿನಲ್ಲಿ. ಊರು ಬಿಟ್ಟು ಲಂಡನ್ ಸೇರಿದ ನಮ್ಮನ್ನು ಊರವರು ಹೇಗೆ ನೋಡುತ್ತಾರೋ ಅಂತ ಹುಡುಗರಿಗೆ ಹೆದರಿಕೆ ಇತ್ತು. ಹೋಗಿ ನೋಡಿದರೆ ದಾರಿಯುದ್ದಕ್ಕೂ ಸುಮಾರು 2 ಲಕ್ಷ ಜನ. ವಿಮರ್ಶಕರು ಮೂಗು ಮುರಿಯಲು ಸಿದ್ಧರಾಗಿ ಹೋಗಿ ಮುರಿಯದೆ ಬಂದರು. ಅಮೆರಿಕದ ಆಂಡ್ರ್ಯೂ ಸ್ಯಾರಿಸ್ ಅಂತೂ ಸಿನಿಮಾ ಚರಿತ್ರೆಯ ಮೇರುಕೃತಿ ಅನ್ನಿಸಿಕೊಂಡ ಚಿತ್ರದ ಹೆಸರು ಹಿಡಿದು, ಜ್ಯೂಕ್‌ಬಾಕ್ಸ್ ಸಂಗೀತಚಿತ್ರಗಳ 'ಸಿಟಿಜನ್ ಕೇನ್' ಇದು ಅಂದುಬಿಟ್ಟರು. ಓವನ್‌ಗೆ ಚಿತ್ರಕಥೆಗೆ, ಮಾರ್ಟಿನ್‌ಗೆ ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಬಂತು, ಪ್ರಶಸ್ತಿ ಬರಲಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತೇನೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, 'ಬೀಟಲ್ಸ್ ಅಂದರೆ ನಮಗೆ ಗೊತ್ತಿರುವುದು ಸಿತಾರು, ಋಷಿಕೇಶ. ಅದರ ಸುಳಿವೇ ಇಲ್ಲವಲ್ಲ ಇದರಲ್ಲಿ?' ಅಂತ ಕೇಳಿದರು.

ಸಿತಾರು ಬಂದದ್ದು ಮುಂದಿನ ವರ್ಷದ ಎರಡನೆಯ ಚಿತ್ರದಿಂದ ಅಂದೆ. ಅದನ್ನೂ ಲೆಸ್ಟರ್ ಅವರೇ ಮಾಡಿದ್ದು, ಬಣ್ಣದಲ್ಲಿ. ಅದರಲ್ಲಿ ಪೂರ್ವದೇಶದ ನರಬಲಿಯ ಪಂಥ ಅಂತ ಏನೋ ಒಂದು ಕಳಪೆ ಗೇಲಿ ಇದೆ, ನಮಗೆ ನೋಡಲು ಇರಿಸುಮುರಿಸು. ಆದರೆ ಅದರ ಹೋಟೆಲ್ ದೃಶ್ಯಕ್ಕೆ ಭಾರತೀಯ ವಾದ್ಯಗಾರರನ್ನು ಕರೆಸಿದ್ದರು. ಅಲ್ಲಿ ಬಿದ್ದಿದ್ದ ಸಿತಾರನ್ನು ಜಾರ್ಜ್ ಕುತೂಹಲಕ್ಕೆ ಎತ್ತಿಕೊಂಡ, ಅಲ್ಲಿಂದ ರವಿಶಂಕರ್ ತನಕ ಹೋದ. ಋಷಿಕೇಶದ ದಾರಿ ಬೇರೆ. ಮಹೇಶ ಯೋಗಿಯ ಧ್ಯಾನವನ್ನು ಬೀಟಲ್ಸ್‌ಗಿಂತ ಮೊದಲು ಕಲಿತದ್ದು ಜಾರ್ಜ್‌ನ ಹೆಂಡತಿ ಪ್ಯಾಟಿ ಬಾಯ್ಡ್. ಆಕೆಯ ಒತ್ತಾಸೆಯೂ ಸೇರಿ 1968ರ ಫೆಬ್ರವರಿಯಲ್ಲಿ ಎಲ್ಲರೂ ಗಂಗೆಯ ದಡಕ್ಕೆ ಬಂದರು. ಈ ಪ್ಯಾಟಿಯನ್ನು ನೀವು ಇವತ್ತು ನೋಡಿದ್ದೀರಿ. ರೈಲಿನ ಶಾಲಾ ಹುಡುಗಿಯರಲ್ಲಿ ಒಬ್ಬಳು, ಆಗ ಮಾಡೆಲ್ ಆಗಿದ್ದವಳು. ಚಿತ್ರೀಕರಣದ ಆ ರೈಲಿನಲ್ಲೇ ಜಾರ್ಜ್ ಅವಳನ್ನು ಮೊದಲು ಕಂಡದ್ದು, 1966ರ ಜನವರಿಯಲ್ಲಿ ಮದುವೆ.

'ಯಾವ ಹುಡುಗಿ, ನೆನಪಾಗಲಿಲ್ಲ' ಅಂದರು ಹಿರಿಯರು. ಹುಡುಗರು ಹುಡುಗಿಯರ ಪಕ್ಕ ಕೂರಲು ನೋಡುತ್ತಿರುವಾಗ ಅಜ್ಜ ಬಂದು, ಇವರ ಜೊತೆ ಸೇರಬೇಡಿ ಮಕ್ಕಳೇ, ಜೈಲಿಗೆ ಸಾಗಿಸುತ್ತಿದ್ದೇನೆ ಅಂತ ಸುಳ್ಳು ಬಿಡುತ್ತಾನಲ್ಲ, ಆಗ ಕಣ್ಣರಳಿಸುವವಳು. ಇಡೀ ಚಿತ್ರದಲ್ಲಿ ಅವಳಿಗೆ ಇರುವುದು ಒಂದೇ ಒಂದು ಮಾತು.

'ಕೈದಿಗಳಾ?'